ಮುರಿಯಲೆಂದು ಕಟ್ಟಿದ್ದು

ನಾನು ನನ್ನ ಕನ್ನಡಕದ ಮೇಲೇ ಕೂತುಬಿಟ್ಟಿದ್ದೆ. ಕುರ್ಚಿಯ ಮೇಲೆ ಇಟ್ಟವಳೂ ನಾನೇ, ನೋಡದೆ ಕೂತವಳೂ ನಾನೇ. ಬೈಯಲು ಬೇರೆ ಯಾರೂ ಸಿಗಲಿಲ್ಲ. ಮುರಿದ ಕಡ್ಡಿಗೆ ಅಂಟುಪಟ್ಟಿ ಸುತ್ತಿ, ಮೂಗಿನ ಮೇಲೆ ಹೇಗೋ ನಿಲ್ಲಿಸಿಕೊಂಡು, ಆಫೀಸಿನ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಅಣ್ಣನ ಅಂಗಡಿಗೆ ಹೋದೆ.

ಅಣ್ಣನದು ಕನ್ನಡಕದ ಅಂಗಡಿ. ನನ್ನ ಮುಖ ನೋಡಿದ್ದೇ ನಕ್ಕ.

"ಈ ಸಲ ಏನ್ ಪುಟ್ಟಿ, ಇದರ ಮೇಲೆ ಬಸ್ಸು ಹತ್ತಿಸಿದ್ಯಾ?"

"ಬಸ್ಸಲ್ಲ, ನಾನೇ ಹತ್ತಿದ್ದು."

"ಎರಡೂ ಒಂದೇ ಬಿಡು. ಹಿಂದೆ ಹೋಗಿ ಕೂತ್ಕೋ, ನಿಮ್ಮತ್ತಿಗೆ ಕೈಯಲ್ಲಿರೋದು ಮುಗಿಸಿ ನೋಡ್ತಾಳೆ." ಆಮೇಲೆ ದನಿ ತಗ್ಗಿಸಿದ. "ಅವಳ ಮುಂದೆ ನಿನ್ನ ಆಫೀಸಿನ ಪುರಾಣ ಬಿಚ್ಚಬೇಡ, ಗೊತ್ತಾಯ್ತಾ?"

ಯಾಕೆ ಹಾಗೆಂದ ಎಂದು ನನಗೆ ಗೊತ್ತಿತ್ತು. ಅತ್ತಿಗೆ ಮೊದಲಿನಿಂದ ಆ ಹಿಂದಿನ ಕೋಣೆಯವರಲ್ಲ. ಊರಿನ ದೊಡ್ಡ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿಯೆಲ್ಲ ಅವರದೇ ಆಗಿತ್ತು. ಒಂದು ಬೆಳಿಗ್ಗೆ ಅಲ್ಲಿನ ರಿಪೋರ್ಟುಗಳಿಗೆಲ್ಲ ಯಾರೋ ಎಲ್ಲಿಂದಲೋ ಬೀಗ ಜಡಿದುಬಿಟ್ಟರು. ತೆರೆದರೆ ಒಂದಕ್ಷರವೂ ಓದುವ ಹಾಗಿರಲಿಲ್ಲ. ಹಳೆಯ ಪ್ರತಿಗಳಿಂದ ಬಹುಪಾಲನ್ನು ವಾಪಸು ತರುವ ಹೊತ್ತಿಗೆ ಅತ್ತಿಗೆ ಸೊರಗಿ ಅರ್ಧವಾಗಿದ್ದರು. ವಿಚಾರಣೆ ನಡೆಯಿತು. ಕಳ್ಳರು ನುಗ್ಗಿದ ಬಿರುಕನ್ನು ಮುಚ್ಚಬೇಕೆಂದು ಅವರೇ ಹಿಂದೆ ಎರಡು ಸಲ ಹೇಳಿದ್ದರೆಂದು ಗೊತ್ತಾಯಿತು. ತಪ್ಪು ಅವರದಲ್ಲ ಎಂದು ಎಲ್ಲರೂ ಒಪ್ಪಿದರು. ಒಪ್ಪಿದ ಮರುವಾರವೇ ಅತ್ತಿಗೆ ಕೆಲಸ ಬಿಟ್ಟು ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತರು. ಆಮೇಲೆ ಅವರು ಕೀಬೋರ್ಡ್ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಅಂಗಡಿಯ ಬಿಲ್ಲುಗಳನ್ನು ಕೂಡ ಅಣ್ಣನೇ ಎರಡು ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟುತ್ತಿದ್ದ.

ಇನ್ನು ನಮ್ಮಿಬ್ಬರ ನಂಟು ಅಷ್ಟಕ್ಕಷ್ಟೇ. ನನ್ನದು ಎಲುಬಿಲ್ಲದ ನಾಲಿಗೆ. ಅವರದು ಒಂದು ಮಾತು ಆಡುವ ಮೊದಲು ಅದನ್ನು ತೂಗಿ, ಅಳೆದು, ಕೊನೆಗೆ ಬೇಡವೆಂದು ಒಳಗೇ ಇಟ್ಟುಕೊಳ್ಳುವ ಸ್ವಭಾವ. ಜಗಳವಾಡಿದವರಲ್ಲ ನಾವು. ಜಗಳಕ್ಕೂ ಒಂದಿಷ್ಟು ಸಲಿಗೆ ಬೇಕಲ್ಲ.

ಹಿಂದಿನ ಕೋಣೆ ಕಿರಿದು. ಗೋಡೆಗೆ ಹತ್ತಿಸಿ ಉದ್ದನೆಯ ಮೇಜು, ಅದರ ಮೇಲೆ ಲೆನ್ಸಿನ ಅಂಚು ಅರೆಯುವ ಯಂತ್ರ, ಫ್ರೇಮು ಬೆಚ್ಚಗೆ ಮಾಡುವ ಸಣ್ಣ ಒಲೆ, ಸಾಸಿವೆ ಕಾಳಿಗಿಂತ ಚಿಕ್ಕ ತಿರುಪುಗಳ ಡಬ್ಬಿ. ಒದ್ದೆ ಗಾಜಿನ ಪುಡಿಯ ವಾಸನೆ. ಅತ್ತಿಗೆ ತಲೆ ಎತ್ತದೆ ಕೈ ಚಾಚಿದರು. ನಾನು ಕನ್ನಡಕ ಕೊಟ್ಟೆ. ತಿರುಗಿಸಿ ನೋಡಿ, "ಕೂತ್ಕೋ" ಎಂದರು. ಅಷ್ಟೇ.

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಲ್ಯಾಪ್‌ಟಾಪ್ ತೆರೆದು ಪರದೆಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡೆ.

ನಮ್ಮದು ಸಣ್ಣ ಕಂಪನಿ. ಹಲವು ಕ್ಲಿನಿಕ್ಕುಗಳಿಗೆ ರೋಗಿಗಳ ಸರದಿ, ಚೀಟಿ, ರಿಪೋರ್ಟು ನೋಡಿಕೊಳ್ಳುವ ಸಾಫ್ಟ್‌ವೇರ್ ನಡೆಸುತ್ತೇವೆ. ಹಿಂದಿನ ವಾರ ನಮ್ಮ ಮೇಡಂ ಎಲ್ಲರನ್ನೂ ಕೂರಿಸಿ, "ನಾಳೆ ಕಳ್ಳ ಬಂದ್ರೆ ಏನ್ಮಾಡ್ತೀರಿ ಅಂದ್ರೆ ನೀವು ನನ್ನ ಮುಖ ನೋಡ್ತೀರಿ, ನಾನು ನಿಮ್ಮ ಮುಖ ನೋಡ್ತೀನಿ. ಇದು ಉತ್ತರ ಅಲ್ಲ. ಅಭ್ಯಾಸ ಬೇಕು" ಎಂದಿದ್ದರು. ಆ ಸಭೆಯಲ್ಲಿ ಅತಿ ಹೆಚ್ಚು ಮಾತಾಡಿದವಳು ನಾನು. ಮಾತಾಡಿದವಳ ಕೊರಳಿಗೇ ಗಂಟೆ ಬಿತ್ತು. ಅಭ್ಯಾಸಕ್ಕೆಂದೇ ಒಂದು ಕ್ಲಸ್ಟರ್ ಕಟ್ಟುವ ಕೆಲಸ ನನ್ನ ಪಾಲಾಯಿತು.

ಕಂಟೇನರ್ ಎಂದರೆ ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಾನು ಸರಂಜಾಮಿನ ಸಮೇತ ಕಟ್ಟಿಟ್ಟ ಡಬ್ಬಿ. ಎಲ್ಲಿಟ್ಟರೂ ಅಲ್ಲೇ ಬಿಚ್ಚಿಕೊಂಡು ಕೆಲಸ ಶುರುಮಾಡುತ್ತದೆ. ಇಂಥ ಡಬ್ಬಿಗಳನ್ನು ಹಲವು ಯಂತ್ರಗಳ ಮೇಲೆ ಹಂಚಿ, ಒಂದು ಬಿದ್ದರೆ ಅದರ ಜಾಗದಲ್ಲಿ ಇನ್ನೊಂದನ್ನು ಎಬ್ಬಿಸುವ ಏರ್ಪಾಡೇ ಕ್ಲಸ್ಟರ್. ಯಂತ್ರಗಳು ನಮ್ಮವಲ್ಲ, ಎಲ್ಲೋ ದೂರದಲ್ಲಿ ಕ್ಲೌಡ್ ಕಂಪನಿಯವರ ಕಟ್ಟಡದಲ್ಲಿರುತ್ತವೆ. ಮೇಲ್ವಿಚಾರಣೆಯನ್ನೂ ಅವರೇ ಮಾಡುತ್ತಾರೆ. ಎಷ್ಟು ಯಂತ್ರ ಬೇಕು, ಎಷ್ಟು ದೊಡ್ಡದು, ಬಾಗಿಲು ಯಾರಿಗೆ ತೆರೆಯಬೇಕು ಎಂದು ನಾವು ಹೇಳಿದರೆ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಸಿದ್ಧ. ಅದರೊಳಗೆ ಬೇಕೆಂದೇ ತೂತುಗಳಿರುವ ಪ್ರೋಗ್ರಾಮುಗಳನ್ನು ಇಡಬೇಕು. ನಮ್ಮಲ್ಲೇ ಒಂದು ಗುಂಪು ಕಳ್ಳರಾಗಿ ನುಗ್ಗಬೇಕು, ಇನ್ನೊಂದು ಗುಂಪು ತಡೆಯಬೇಕು.

ಕಟ್ಟುವುದು ನನಗೆ ಗೊತ್ತಿತ್ತು. ಪರದೆಯ ಮೇಲೆ 'ಮುಂದೆ, ಮುಂದೆ' ಎಂದು ಒತ್ತುತ್ತ ಹೋಗಿ ಹಿಂದಿನ ದಿನವೇ ಕಟ್ಟಿಯೂ ಬಿಟ್ಟಿದ್ದೆ. ಮೊದಲ ತೂತಿನ ಡಬ್ಬಿಯನ್ನು ಅದರೊಳಗೆ ಇಳಿಸಿ, ಓಡುತ್ತಿರುವುದನ್ನು ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಅರೆಯುವ ಯಂತ್ರದ ಸದ್ದು ನಿಂತಿತು.

"ಅದರ ಬಾಗಿಲು ಲೋಕಕ್ಕೆಲ್ಲ ತೆರೆದಿದೆಯಲ್ಲ" ಎಂದರು ಅತ್ತಿಗೆ ನನ್ನ ಹೆಗಲ ಹಿಂದಿನಿಂದ.

ನಾನು ತಿರುಗಿದೆ. ಕನ್ನಡಕ ಅವರ ಕೈಯಲ್ಲಿದ್ದುದರಿಂದ ಅವರ ಮುಖ ನನಗೆ ಮಸುಕಾಗಿ ಕಂಡಿತು.

"ಇದು ಬರೀ ಅಭ್ಯಾಸಕ್ಕೆ ಅತ್ತಿಗೆ. ಮುರೀಲಿ ಅಂತಾನೇ ಕಟ್ಟಿರೋದು."

"ನೀವು ಮುರೀಬೇಕು. ದಾರೀಲಿ ಹೋಗೋರೆಲ್ಲ ಮುರಿಯೋಕಲ್ಲ."

ಅಷ್ಟು ಹೇಳಿ ಜಾಗಕ್ಕೆ ಹೋದರು. ಯಂತ್ರ ಮತ್ತೆ ಗುಂಯ್ ಎಂದಿತು. ಒಂದು ಲೆನ್ಸು ಮುಗಿಯುವಷ್ಟೂ ಹೊತ್ತಾಗಿರಲಿಲ್ಲ, ಮತ್ತೆ ಎದ್ದು ಬಂದರು.

"ಆಫೀಸಿನ ಖಾತೆಯಲ್ಲೇ ಕಟ್ಟಿದೀಯಾ ಇದನ್ನ? ನಿಜವಾದ ಕ್ಲಿನಿಕ್ಕಿನ ಕೆಲಸ ನಡೆಯೋ ಖಾತೆಯಲ್ಲಿ?"

ನಾನು ಹೌದೆಂದು ತಲೆಯಾಡಿಸಿದೆ.

"ಅಳಿಸು. ಈಗ್ಲೇ ಅಳಿಸು."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಒಲೆಯ ಪಕ್ಕ ಆಡುವ ಮಗುವನ್ನು ಕಂಡವರ ದನಿ ಅದು. ನಾನು ಅಳಿಸಿದೆ. ಅತ್ತಿಗೆ ಪರದೆಯ ಮೇಲೆ ಎಲ್ಲ ಖಾಲಿಯಾಗುವವರೆಗೂ ನಿಂತಿದ್ದು, ಆಮೇಲೆ ನನ್ನ ಕನ್ನಡಕಕ್ಕೆ ಹೊಸ ಕಡ್ಡಿ ಹಾಕಿ, ಕಿವಿಯ ಹಿಂದೆ ಸರಿಯಾಗಿ ಕೂರುವ ಹಾಗೆ ಬಗ್ಗಿಸಿ ಕೊಟ್ಟರು.

"ಮೊದಲು ಬೇಲಿ. ತೂತು ಆಮೇಲೆ ಕೊರೆಯೋದು" ಎಂದರು.

"ನಂಗೆ ಬೇಲೀನೂ ಬರಲ್ಲ, ಸರಿಯಾದ ತೂತೂ ಬರಲ್ಲ. ನೀವು ಹೇಳ್ಕೊಡ್ತೀರಾ?"

ಬಾಯಿಂದ ಜಾರಿದ ಮೇಲೆ ಅಣ್ಣನ ಎಚ್ಚರಿಕೆ ನೆನಪಾಯಿತು. ಅತ್ತಿಗೆ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ನಾನು ಮುಟ್ಟಲ್ಲ" ಎಂದರು ಕೊನೆಗೆ. "ಹೇಳ್ತೀನಿ, ನೀನು ಒತ್ತು."

ಮರುದಿನದಿಂದ ಆಫೀಸು ಮುಗಿಸಿ ನೇರ ಅಂಗಡಿಗೆ ಹೋಗತೊಡಗಿದೆ. ಅವರು ಹೇಳುವುದು, ನಾನು ಒತ್ತುವುದು. ಮೊದಲು ಬೇರೆಯದೇ ಒಂದು ಖಾತೆ ತೆರೆಸಿದರು, ಆಫೀಸಿನ ಖಾತೆಗೂ ಅದಕ್ಕೂ ಕೊಡುಕೊಳ್ಳುವಿಕೆ ಇಲ್ಲದ ಹಾಗೆ. ಆಮೇಲೆ ಕ್ಲಸ್ಟರಿಗೆ ತನ್ನದೇ ಪ್ರತ್ಯೇಕ ನೆಟ್‌ವರ್ಕ್. ಅದರ ಬಾಗಿಲು ತೆರೆಯುವುದು ನಮ್ಮ ಆಫೀಸಿನ ಇಂಟರ್ನೆಟ್ ವಿಳಾಸದಿಂದ ಮತ್ತು ಅಂಗಡಿಯ ವಿಳಾಸದಿಂದ ಮಾತ್ರ. ಒಳಗಿನ ಡಬ್ಬಿಗಳು ತಾವಾಗಿ ಹೊರಲೋಕಕ್ಕೆ ಕೈಚಾಚದಂತೆ ಅಡ್ಡಗೋಡೆ. ಯಾರು ಏನು ಮಾಡಿದರೂ ಬರೆದಿಡುವ ದಾಖಲೆ. ಸಣ್ಣ ಯಂತ್ರಗಳು ಸಾಕು, ಕಡಿಮೆ ಸಾಕು.

ಹೆಸರಿನ ವಿಷಯದಲ್ಲಿ ಒಂದು ಸಂಜೆ ಪೂರ್ತಿ ಕಿತ್ತಾಡಿದೆವು. ನಾನು ಅದಕ್ಕೆ 'ಜರಡಿ' ಎಂದು ಹೆಸರಿಟ್ಟಿದ್ದೆ.

"ಚೆನ್ನಾಗಿದೆ, ನಗು ಬರುತ್ತೆ" ಎಂದರು ಅತ್ತಿಗೆ ನಗದೆ. "ಆದ್ರೆ ಗಾಬರಿಯಾದಾಗ ನಗು ಬರಲ್ಲ. ಕೈಗೆ ಸಿಕ್ಕಿದ್ದನ್ನ ಅಳಿಸ್ತೀವಿ. 'ಅಭ್ಯಾಸ, ನಿಜವಲ್ಲ' ಅಂತ ಇಡು."

"ಅದೇನು ಹೆಸರಾ? ಔಷಧಿ ಬಾಟ್ಲಿ ಮೇಲಿನ ಚೀಟಿ ಇದ್ದಂಗಿದೆ."

"ಔಷಧಿ ಬಾಟ್ಲಿಗೆ ಯಾಕೆ ಚೀಟಿ ಅಂಟಿಸ್ತಾರೆ?"

ನಾನು 'ಜರಡಿ'ಯನ್ನು ಅಳಿಸಿದೆ. 'ಅಭ್ಯಾಸ, ನಿಜವಲ್ಲ' ಎಂದೇ ಆಯಿತು.

ತೂತು ಕೊರೆಯುವ ಕೆಲಸ ಬಂದಾಗ ಅತ್ತಿಗೆಯ ಕಣ್ಣಲ್ಲಿ ನಾನು ಹಿಂದೆಂದೂ ಕಾಣದ ತುಂಟತನ ಕಂಡಿತು. ಒಂದು ಡಬ್ಬಿಯ ಒಳಗೇ ಗುಪ್ತಪದವನ್ನು ಬರೆದಿಡಿಸಿದರು, ಬೀಗ ಹಾಕಿ ಕೀಲಿಕೈಯನ್ನು ಕಾಲೊರಸಿನ ಕೆಳಗಿಟ್ಟು ಹೋದ ಹಾಗೆ. ಇನ್ನೊಂದಕ್ಕೆ ತಾನು ಕೂತ ಯಂತ್ರವನ್ನೆಲ್ಲ ಇಣುಕಿ ನೋಡುವ ಅಧಿಕಾರ ಕೊಡಿಸಿದರು. ಮತ್ತೊಂದಕ್ಕೆ, ಪಾಪ, ಚಿಕ್ಕ ಕೆಲಸದ ಡಬ್ಬಿ, ಇಡೀ ಕ್ಲಸ್ಟರನ್ನೇ ಆಳುವ ಅನುಮತಿ ಚೀಟಿ.

"ಇಷ್ಟು ದಡ್ಡತನ ಯಾರು ಮಾಡ್ತಾರೆ ಅತ್ತಿಗೆ?"

"ಎಲ್ಲರೂ ಮಾಡ್ತಾರೆ. ಕೆಲಸ ಬೇಗ ಮುಗೀಲಿ, ನಾಳೆ ಸರಿಮಾಡೋಣ ಅಂತ. ಆ ನಾಳೆ ಬರಲ್ಲ."

ಇಷ್ಟೆಲ್ಲ ಆದಮೇಲೆ ಕಳ್ಳರು ಹುಡುಕಿಕೊಂಡು ಬರಲು ಒಳಗೆ ಏನಾದರೂ ಇರಬೇಕಲ್ಲ. ಸುಳ್ಳು ಹೆಸರುಗಳ, ಸುಳ್ಳು ಅಂಕಿಗಳ ಒಂದಿಷ್ಟು ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಇಡೋಣ ಎಂದವರು ಅತ್ತಿಗೆಯೇ. ಸಕ್ಕರೆ ಇಷ್ಟು, ಹಿಮೋಗ್ಲೋಬಿನ್ ಇಷ್ಟು ಎಂದು ನೋಡದೆ ಹೇಳುತ್ತ ಹೋದರು, ನಾನು ತುಂಬುತ್ತ ಹೋದೆ. ನಡುವೆ ಒಮ್ಮೆ ನಿಂತರು. ನಾನು ಕೇಳಲಿಲ್ಲ. ನನಗೂ ಆಗಾಗ ಬಾಯಿ ಮುಚ್ಚಿಕೊಳ್ಳಲು ಬರುತ್ತದೆ.

ಒಂದು ಸಂಜೆ ಕ್ಲಸ್ಟರಿನ ತಾಳ್ಮೆ ಪರೀಕ್ಷಿಸುತ್ತಿದ್ದೆವು, ಒಂದು ಡಬ್ಬಿಯನ್ನು ನಿಲ್ಲಿಸಿದರೆ ಅದರ 'ತಾಯಿ' ಆಜ್ಞೆ ಇನ್ನೊಂದನ್ನು ಎಬ್ಬಿಸುತ್ತದೆಯೇ ಎಂದು. ಮುಂದಿನ ಕೋಣೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಕನ್ನಡಿಯ ಮುಂದೆ ಫ್ರೇಮು ಹಾಕಿ ತೆಗೆದು ಮಾಡುತ್ತಿದ್ದರಂತೆ. ಅವರಿಗೆ ನಮ್ಮ ಮಾತು ಕೇಳುತ್ತಿರಬಹುದೆಂದು ನಮಗೆ ಹೊಳೆದಿರಲೇ ಇಲ್ಲ.

"ಅದನ್ನ ಕೊಲ್ಲು" ಎಂದರು ಅತ್ತಿಗೆ.

"ಕೊಂದೆ. ಅಯ್ಯೋ, ಮತ್ತೆ ಹುಟ್ಟಿದೆ!"

"ಹುಟ್ಟೇ ಹುಟ್ಟುತ್ತೆ. ಎಷ್ಟು ಸಲ ಕೊಂದ್ರೂ ಹುಟ್ಟುತ್ತೆ. ತಾಯೀನ ತೆಗೀಬೇಕು, ಆಗ ನಿಲ್ಲುತ್ತೆ."

ಮುಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಅಣ್ಣ ಬಾಗಿಲ ಪರದೆ ಸರಿಸಿ ತಲೆ ಹಾಕಿದ.

"ಸ್ವಲ್ಪ ಮೆತ್ತಗೆ ಕೊಲ್ಲಿ. ಆ ಅಮ್ಮ ನನ್ನ ಹತ್ರ ಇರೋ ಅತಿ ದುಬಾರಿ ಫ್ರೇಮು ಕೆಡವಿದ್ರು."

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಹೆಗಲು ಕುಲುಕುವವರೆಗೂ ನಕ್ಕರು. ಅಣ್ಣ ಒಂದು ಗಳಿಗೆ ಅವರನ್ನೇ ನೋಡುತ್ತ ನಿಂತು, ಪರದೆ ಬಿಟ್ಟು ಹೋದ. ಗಿರಾಕಿಗೆ ಅವನು ಎಷ್ಟು ವಿವರಿಸಿದರೂ ಆಕೆ ನಂಬಲಿಲ್ಲವಂತೆ, ಬಾಗಿಲಲ್ಲಿ ತಿರುಗಿ ತಿರುಗಿ ನೋಡುತ್ತ ಹೋದರಂತೆ.

ಎಲ್ಲ ಸಿದ್ಧವಾದ ದಿನ ನಾನು ತಪ್ಪು ಮಾಡಿದೆ. ಅತ್ತಿಗೆ ನಗುನಗುತ್ತಿದ್ದಾರಲ್ಲ ಎಂಬ ಧೈರ್ಯದಲ್ಲಿ, "ಅಭ್ಯಾಸದ ದಿನ ನೀವೂ ಬನ್ನಿ. ತಡೆಯೋರ ಗುಂಪನ್ನ ನೀವೇ ನಡೆಸಿ" ಎಂದೆ.

"ಬರಲ್ಲ."

"ನಿಮಗಿಂತ ಚೆನ್ನಾಗಿ..."

"ಬರಲ್ಲ ಅಂದ್ನಲ್ಲ."

"ಒಂದ್ಸಲ ಬಿದ್ದೋರು ಆಮೇಲೆ ನಡೆಯೋದೇ ಬಿಡ್ತಾರಾ ಅತ್ತಿಗೆ?"

ಅವರು ನನ್ನತ್ತ ನೋಡಲಿಲ್ಲ. ಒಂದು ಲೆನ್ಸು ತೆಗೆದು ಯಂತ್ರಕ್ಕೆ ಕೂರಿಸಿ ಗುಂಡಿ ಒತ್ತಿದರು. ಆ ಸದ್ದಿನಲ್ಲಿ ಇನ್ನು ಮಾತಿಗೆ ಜಾಗವಿರಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿ ಹೊರಬಂದೆ. ಅಣ್ಣ ಬಾಗಿಲಲ್ಲೇ ಹಿಡಿದುಕೊಂಡ.

"ಏನಂದೆ ಅವಳಿಗೆ?"

ಹೇಳಿದೆ.

"ನಿನ್ನ ನಾಲಿಗೆಗೆ ಒಂದು ಅಗುಳಿ ಹಾಕಿಸಬೇಕು ಕಣೆ" ಎಂದ. ಬೈಗುಳಕ್ಕಿಂತ ಬೇಸರವೇ ಹೆಚ್ಚಿತ್ತು ಅದರಲ್ಲಿ. ಮನೆಗೆ ನಡೆದು ಹೋಗುವಾಗ ನನಗೆ ನನ್ನ ಮೇಲೇ ಜಿಗುಪ್ಸೆಯಾಯಿತು. ಬೀದಿಯುದ್ದಕ್ಕೂ ಅಂಗಡಿಗಳು ಬಾಗಿಲೆಳೆಯುತ್ತಿದ್ದವು. ಆಡಿದ ಮಾತು, ಒಡೆದ ಮುತ್ತು.

ಅಭ್ಯಾಸದ ಹಿಂದಿನ ದಿನ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅತ್ತಿಗೆಯ ಫೋನು ಬಂತು. ಅವರು ನನಗೆ ಫೋನು ಮಾಡುವುದೇ ಅಪರೂಪ.

"ನಾಳೆ ಫೋನ್ ಎತ್ತೋರು ಯಾರು?" ಎಂದರು, ಪೀಠಿಕೆಯಿಲ್ಲದೆ.

"ಯಾವ ಫೋನು?"

"ಕ್ಲಿನಿಕ್ಕಿಂದ ಬರೋ ಫೋನು. ನಿಜವಾಗಿ ಹೀಗಾದ್ರೆ ಕಳ್ಳ ಕಣ್ಣಿಗೆ ಬೀಳೋ ಮುಂಚೆ ಫೋನ್ ಬರುತ್ತೆ. ನಿಮ್ಮ ಅಭ್ಯಾಸದಲ್ಲಿ ಫೋನೇ ಇಲ್ವಲ್ಲ."

"ಅದನ್ನ ಯೋಚನೆ ಮಾಡಿಲ್ಲ ಅತ್ತಿಗೆ."

ಆ ಕಡೆ ಅರೆಯುವ ಯಂತ್ರ ನಿಂತದ್ದು ಕೇಳಿಸಿತು.

"ಹಾಗಾದ್ರೆ ಅದೊಂದು ನಾನು ಮಾಡ್ತೀನಿ. ಫೋನ್ ಮಾಡೋಳಾಗಿ ಬರ್ತೀನಿ. ಕಂಪ್ಯೂಟರ್ ಹತ್ರ ಕೂರಿಸಬೇಡ."

ಮರುದಿನ ಬೆಳಿಗ್ಗೆ ಅಣ್ಣನೇ ಅವರನ್ನು ಆಫೀಸಿನ ಬಾಗಿಲವರೆಗೆ ಬಿಟ್ಟು ಹೋದ. ನಾನು ಹಿಂದಿನ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದೆ. "ಫೋನ್ ಎಲ್ಲಿದೆ ತೋರಿಸು" ಎಂದರು ಅತ್ತಿಗೆ. ನಮ್ಮ ಹಳೆಯ ಪ್ರಿಂಟರುಗಳನ್ನು ಒಟ್ಟಿರುವ ಸಣ್ಣ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಫೋನು ಕೊಟ್ಟು ಬಾಗಿಲು ಮುಚ್ಚಿದೆ.

ಕಳ್ಳನ ಪಾತ್ರ ನಮ್ಮ ಮೌನಿಯದು. ಅವನ ನಿಜವಾದ ಹೆಸರನ್ನು ಕರೆದು ನಮಗೆ ರೂಢಿಯಿಲ್ಲ. ದಿನಕ್ಕೆ ನಾಲ್ಕು ಮಾತಾಡಿದರೆ ಅದೇ ಹಬ್ಬ. ಮೇಡಂ ಅವನ ಪಕ್ಕ ಕೂತರು. ತಡೆಯುವವರು ನಾನು ಮತ್ತು ಗಡಿಬಿಡಿ. ಆತ ನಮ್ಮ ಹಿರಿಯ ಸಹೋದ್ಯೋಗಿ, ಇದೂ ಅಡ್ಡಹೆಸರೇ. ಎದ್ದರೆ ಕುರ್ಚಿ ಬೀಳಿಸುವ, ಕೂತರೆ ಲೋಟ ಉರುಳಿಸುವ ಜೀವ. ಮೌನಿ ಒಳಹೊಕ್ಕು ರಿಪೋರ್ಟುಗಳಿಗೆ ಬೀಗ ಹಾಕಿದರೆ ಅವನು ಗೆದ್ದ ಹಾಗೆ. ಅಷ್ಟರೊಳಗೆ ಅವನನ್ನು ಕಂಡು ಹಿಡಿದು ಹೊರಗಟ್ಟಿದರೆ ನಾವು.

ಶುರುವಾದ ಸ್ವಲ್ಪ ಹೊತ್ತಿಗೇ ದಾಖಲೆಯಲ್ಲಿ ಒಂದು ಅನುಮಾನದ ಸಾಲು ಕಂಡೆ. ಅದನ್ನು ಹಿಂಬಾಲಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಡಾಕ್ಟರ್ ಮಾತಾಡ್ತಿರೋದು. ರೋಗಿ ಮುಂದೆ ಕೂತಿದಾರೆ, ರಿಪೋರ್ಟು ತೆರೀತಿಲ್ಲ. ಏನ್ರೀ ಇದು?"

ಅತ್ತಿಗೆಯ ದನಿಯೆಂದು ಗೊತ್ತಿದ್ದೂ ನಾನು ಎದ್ದು ನಿಂತುಬಿಟ್ಟೆ. ಏನೋ ಸಮಾಧಾನ ಹೇಳಿ ಇಟ್ಟೆ. ಮತ್ತೆ ಹೊಡೆದುಕೊಂಡಿತು. ಈ ಸಲ ಒಬ್ಬ ಮುದುಕ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲಮ್ಮ. ರಿಪೋರ್ಟು ನೋಡಿ ಹೇಳ್ತೀವಿ, ಅಲ್ಲೀವರ್ಗೂ ತಿನ್ಬೇಡಿ ಅಂದಿದ್ರು. ಈಗ ತಿನ್ನಲಾ, ಬೇಡ್ವಾ? ಅಷ್ಟು ಹೇಳು ಸಾಕು."

ಏನು ಹೇಳಲಿ? ತಿನ್ನಿ ಎನ್ನಲು ನಾನು ಯಾರು, ಬೇಡ ಎನ್ನಲು ನಾನು ಯಾರು? ಗಡಿಬಿಡಿ ಪಕ್ಕದಿಂದ, "ಯಾವುದೋ ಡಬ್ಬಿ ತಾನಾಗೇ ಹೊಸದು ಎದ್ದಿದೆ, ಇದು ನಮ್ಮದಾ? ಇದು ನಮ್ಮದಾ?" ಎಂದು ನನ್ನ ತೋಳು ಜಗ್ಗುತ್ತಿದ್ದ. ಫೋನು ಇಟ್ಟರೆ ಮತ್ತೆ ಹೊಡೆದುಕೊಂಡಿತು.

"ಬೈಯೋಕೆ ಮಾಡಿಲ್ಲ ನಾನು." ಒಬ್ಬ ತಾಯಿಯ ದನಿ, ತುಂಬ ಮೆಲ್ಲಗೆ. "ನಿಮಗೂ ಕಷ್ಟ ಇರುತ್ತೆ. ಮಗಳ ರಿಪೋರ್ಟು ಇವತ್ತು ಸಿಗುತ್ತಾ ಇಲ್ವಾ, ಅಷ್ಟೇ. ಸಿಗಲ್ಲ ಅಂದ್ರೂ ಪರವಾಗಿಲ್ಲ, ಗೊತ್ತಾದ್ರೆ ಸಾಕು."

ಇವು ಅತ್ತಿಗೆ ಕಟ್ಟಿದ ಮಾತುಗಳಲ್ಲ ಎಂದು ಆಗ ನನಗೆ ಅರ್ಥವಾಯಿತು. ಆವತ್ತು, ಆ ಲ್ಯಾಬಿನಲ್ಲಿ, ಒಂಟಿಯಾಗಿ ಕೂತು ಅವರು ಕೇಳಿಸಿಕೊಂಡ ಮಾತುಗಳು. "ಗೊತ್ತಿಲ್ಲಮ್ಮ" ಎಂದೆ. ಅಷ್ಟರಲ್ಲಿ ನಮ್ಮ ಪರದೆಯ ಮೇಲೆ ರಿಪೋರ್ಟುಗಳೆಲ್ಲ ಒಂದೊಂದಾಗಿ ಕಪ್ಪಾದವು. ಮೌನಿ ಆಚೆ ಮೇಜಿನಿಂದ ನಾಚಿಕೆಯಿಂದಲೇ ಕೈ ಎತ್ತಿದ.

ಸೋತಿದ್ದೆವು.

ಅತ್ತಿಗೆ ಕೋಣೆಯಿಂದ ಹೊರಬಂದರು. ಅವರು ಕುಸಿದಿರುತ್ತಾರೆ, ಇಂಥದಕ್ಕೆ ಕರೆತಂದೆನಲ್ಲ ಎಂದು ನಾನು ಹೆದರಿದ್ದೆ. ಅವರು ನಮ್ಮ ಪರದೆಯನ್ನು ನೋಡಿದರು, ನಮ್ಮ ಮುಖ ನೋಡಿದರು, ಗಡಿಬಿಡಿ ಉರುಳಿಸಿದ ನೀರಿನ ಲೋಟವನ್ನು ನೆಟ್ಟಗೆ ನಿಲ್ಲಿಸಿದರು.

"ಈಗ ಏನ್ಮಾಡ್ತೀರಿ?"

"ಅಳಿಸಿ ಮತ್ತೆ ಕಟ್ಟೋದು" ಎಂದೆ. "ಕಟ್ಟೋ ಕ್ರಮ ಎಲ್ಲ ಬರೆದಿಟ್ಟಿದೀವಲ್ಲ, ಒಂದು ಆಜ್ಞೆ ಕೊಟ್ರೆ ಮೊದಲಿದ್ದ ಹಾಗೇ ಎದ್ದು ನಿಲ್ಲುತ್ತೆ. ಚಹಾ ಕುಡಿಯೋಣ ಬನ್ನಿ."

ಅತ್ತಿಗೆ ಚಹಾಕ್ಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಮೌನಿಯ ಪಕ್ಕ ಕೂತು, "ಎಲ್ಲಿಂದ ಒಳಗೆ ಬಂದೆ, ತೋರಿಸು. ಒಂದು ಹೆಜ್ಜೆಯೂ ಬಿಡಬೇಡ" ಎಂದರು. ಮೌನಿ ತೋರಿಸಿದ. ತೋರಿಸುತ್ತ ತೋರಿಸುತ್ತ ಮಾತಿಗಿಳಿದ. ನಾವು ಲೋಟ ಹಿಡಿದು ಬಂದಾಗ ಅವನಿನ್ನೂ ಮಾತಾಡುತ್ತಲೇ ಇದ್ದ. ಮೇಡಂ ನನ್ನ ಕಿವಿಯಲ್ಲಿ, "ಇವನಿಗೆ ಇಷ್ಟು ದನಿ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ" ಎಂದರು.

ಆಮೇಲೆ ಅತ್ತಿಗೆ ನಮ್ಮೆಲ್ಲರನ್ನೂ ನೋಡಿ ಎರಡೇ ಮಾತು ಹೇಳಿದರು. "ಫೋನ್ ಎತ್ತೋರು ಬೇರೆ, ಯಂತ್ರ ನೋಡೋರು ಬೇರೆ ಇರಬೇಕು. ಒಂದು ತಲೆಗೆ ಎರಡೂ ಆಗಲ್ಲ." ಸ್ವಲ್ಪ ತಡೆದು, "ನಂಗೂ ಆಗ್ಲಿಲ್ಲ" ಎಂದರು.

ಮಧ್ಯಾಹ್ನ ಎರಡನೇ ಸುತ್ತು. ಫೋನು ಮಾಡುವ ಕೆಲಸವನ್ನು ಮೇಡಂ ವಹಿಸಿಕೊಂಡರು. ಎತ್ತುವ ಕೆಲಸ ಗಡಿಬಿಡಿಗೆ ಬಿತ್ತು. ಅಚ್ಚರಿಯೆಂದರೆ ಕಂಪ್ಯೂಟರಿನ ಮುಂದೆ ಕೈಕಾಲು ಬಡಿಯುವ ಆ ಮನುಷ್ಯ ಫೋನು ಹಿಡಿದರೆ ತಣ್ಣಗಿನ ನೀರು. "ಹೌದು, ತೊಂದರೆಯಾಗಿದೆ. ನೋಡ್ತಿದೀವಿ. ಒಂದು ಗಂಟೆಯೊಳಗೆ ನಾನೇ ನಿಮಗೆ ಫೋನ್ ಮಾಡಿ ಹೇಳ್ತೀನಿ, ನೀವು ಕಾಯ್ತಾ ಕೂರಬೇಡಿ" ಎಂದು ಅವನು ಹೇಳುವುದನ್ನು ಕೇಳಿದರೆ ನನಗೇ ಸಮಾಧಾನವಾಗುತ್ತಿತ್ತು.

ಅತ್ತಿಗೆ ನನ್ನ ಪಕ್ಕದಲ್ಲಿ ಕೂತರು. ಯಾರೂ ಕರೆಯಲಿಲ್ಲ, ತಾವೇ ಬಂದು ಕೂತರು. ಎರಡೂ ಕೈಗಳನ್ನು ಮಡಿಲಲ್ಲಿ ಹೆಣೆದುಕೊಂಡಿದ್ದರು.

"ಏನನ್ನೂ ಮುಟ್ಟಬೇಡ. ಮೊದಲು ನೋಡು."

ನೋಡಿದೆ. ಮೌನಿ ಈ ಸಲ ಬೇರೆ ತೂತಿನಿಂದ ಬಂದಿದ್ದ, ಚಿಕ್ಕ ಕೆಲಸದ ಆ ಡಬ್ಬಿಯಿಂದ.

"ಸಿಕ್ಕ! ಕೊಲ್ಲಲಾ?"

"ಬೇಡ. ಕೊಂದ್ರೆ ಅವನು ಬಂದ ದಾರೀನೂ ಸಾಯುತ್ತೆ. ಹೊರಗಿನ ಸಂಪರ್ಕ ಕಡಿ, ಒಳಗೇ ಕೂಡಿಹಾಕು. ಆಮೇಲೆ ಅವನ ಕೈಲಿರೋ ಚೀಟಿ ರದ್ದು ಮಾಡು."

ನಾನು ಒತ್ತತೊಡಗಿದೆ. ಅವಸರಕ್ಕೆ ಒಂದಕ್ಷರ ತಪ್ಪಿತು. ಮತ್ತೆ ಬರೆದೆ, ಮತ್ತೆ ತಪ್ಪಿತು. ಪರದೆಯಲ್ಲಿ ಮೌನಿ ರಿಪೋರ್ಟಿನ ಡಬ್ಬಿಯ ಹೊಸ್ತಿಲಿಗೆ ಬಂದಿದ್ದ.

"ಸರಿ ಆ ಕಡೆ" ಎಂದು ಅತ್ತಿಗೆ ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅವರ ಬೆರಳುಗಳು ಮೊದಲಿಗೆ ತಡವರಿಸಿದವು, ಆಮೇಲೆ ತಡವರಿಸಲಿಲ್ಲ. ಒಂದು ಸಾಲು, ಇನ್ನೊಂದು ಸಾಲು. ಮೌನಿ ಆಚೆ ಮೇಜಿನಲ್ಲಿ "ಅರೆ" ಎಂದ. ಅವನು ಒಂದೆರಡು ರಿಪೋರ್ಟುಗಳಿಗೆ ಬೀಗ ಹಾಕಿದ್ದ, ಉಳಿದದ್ದು ಅವನಿಗೆ ಸಿಗಲಿಲ್ಲ. ಪೂರ್ತಿ ಗೆಲುವಲ್ಲ, ಪೂರ್ತಿ ಸೋಲೂ ಅಲ್ಲ. ಗಡಿಬಿಡಿ ಖುಷಿಗೆ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ದಿನದ ಕೊನೆಗೆ ಕ್ಲಸ್ಟರನ್ನು ಅಳಿಸಬೇಕಿತ್ತು. ಅತ್ತಿಗೆಯೇ ಅಳಿಸಿದರು. ಅಳಿಸುವ ಮೊದಲು ಹೆಸರನ್ನು ಬೆರಳಿಟ್ಟು ಓದಿ ಖಾತ್ರಿ ಮಾಡಿಕೊಂಡರು.

ಅಣ್ಣ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು. ಆದರೆ ಅತ್ತಿಗೆ, "ನಡೆದೇ ಹೋಗೋಣ" ಎಂದರು. ಸಂಜೆಯ ಬಿಸಿಲು ಎದುರು ಕಟ್ಟಡದ ಕಿಟಕಿಗಳಲ್ಲಿತ್ತು. ಇಬ್ಬರೂ ಸೇತುವೆ ದಾಟಿದೆವು.

"ಆವತ್ತು ಯಾರೂ ಬೈಲಿಲ್ಲ ನಂಗೆ" ಎಂದರು ಅತ್ತಿಗೆ, ಎಲ್ಲೋ ನೋಡುತ್ತ. "ಆ ಮುದುಕರು ಬೈಲಿಲ್ಲ, ಆ ತಾಯಿ ಬೈಲಿಲ್ಲ. ಆಮೇಲೆ ಮೇಲಿನೋರೂ ನಿಮ್ಮ ತಪ್ಪಲ್ಲ ಅಂದ್ರು. ಎಲ್ಲರೂ ಒಳ್ಳೆಯವರಾಗೇ ಇದ್ರು. ಅದನ್ನೇ ತಡಕೊಳ್ಳೋಕಾಗ್ಲಿಲ್ಲ. ಯಾರಾದ್ರೂ ಒಬ್ಬರು ಬೈದಿದ್ರೆ ಎದುರು ಮಾತಾಡಿ ಹಗುರ ಆಗ್ತಿದ್ದೆನೇನೋ."

ಏನೂ ತೋಚದಿದ್ದರೂ ಹೇಳುವುದು ನನ್ನ ಹುಟ್ಟುಗುಣ.

"ಬೇಕಾದ್ರೆ ನಾನು ಬೈತೀನಿ ಅತ್ತಿಗೆ. ಅದರಲ್ಲಿ ನನ್ನ ಕೈ ಪಳಗಿದೆ."

ಅತ್ತಿಗೆ ನಡುದಾರಿಯಲ್ಲಿ ನಿಂತರು. ಇವತ್ತೂ ನಾಲಿಗೆ ಕೆಟ್ಟಿತೆಂದುಕೊಂಡೆ.

"ಬೈ ನೋಡೋಣ."

"ಒಬ್ಬರೇ ಕೂತು ಎಲ್ಲ ಹೊರೋಕೆ ಹೋದ್ರಲ್ಲ, ಬುದ್ಧಿ ಎಲ್ಲಿತ್ತು? ಕರೆದಿದ್ರೆ ನಾನು ಬಂದು ಫೋನಾದ್ರೂ ಎತ್ತುತ್ತಿರಲಿಲ್ವಾ? ಅಷ್ಟು ಬಿಗುಮಾನ ಯಾಕೆ?"

"ನೀನು ಫೋನ್ ಎತ್ತಿದ್ದನ್ನ ಬೆಳಿಗ್ಗೆ ನೋಡಿದ್ನಲ್ಲ" ಎಂದರು ಅತ್ತಿಗೆ. "ನೀನಿದ್ದಿದ್ರೆ ಇನ್ನೂ ಬೇಗ ಮುಳುಗ್ತಿದ್ವಿ."

ಇಬ್ಬರೂ ಬೀದಿಯಲ್ಲಿ ನಿಂತು ನಕ್ಕೆವು. ದಾರಿಹೋಕರೊಬ್ಬರು ನಮ್ಮನ್ನು ಸುತ್ತು ಬಳಸಿ ಹೋದರು. ಕ್ಷಮೆ ಕೇಳುವುದು ನನಗೆ ಬಾಕಿಯೇ ಇತ್ತು. ಅಲ್ಲೇ ಕೇಳಿದೆ. "ಅದಕ್ಕಲ್ವಾ ನಾನು ಬಂದಿದ್ದು. ನೀನು ಹಾಗೆ ಅನ್ನದೇ ಇದ್ದಿದ್ರೆ ಬರ್ತಿರಲಿಲ್ಲ" ಎಂದರು. ಒಂದೆರಡು ಹೆಜ್ಜೆ ನಡೆದು, "ಹಾಗಂತ ರೂಢಿ ಮಾಡ್ಕೋಬೇಡ" ಎಂದೂ ಸೇರಿಸಿದರು.

ಅತ್ತಿಗೆ ಲ್ಯಾಬಿನ ಕೆಲಸಕ್ಕೆ ಮರಳಲಿಲ್ಲ. ಅಲ್ಲಿಂದ ಒಮ್ಮೆ ಕರೆ ಬಂತಂತೆ, ಬೇಡವೆಂದರಂತೆ. ನಮ್ಮ ಮೇಡಂ ತಮ್ಮ ಪರಿಚಯದ ಇನ್ನೊಂದು ಕಂಪನಿಗೆ ಅವರ ವಿಷಯ ಹೇಳಿದರು, ಅಲ್ಲಿಂದ ಮತ್ತೊಂದಕ್ಕೆ ಸುದ್ದಿ ಹೋಯಿತು. ಈಗ ಅವರು ಬೆಳಗಿನ ಹೊತ್ತು ಅಂಗಡಿಯಲ್ಲಿ ಲೆನ್ಸು ಕೂರಿಸುತ್ತಾರೆ, ಮಧ್ಯಾಹ್ನ ಯಾವುದಾದರೂ ಆಫೀಸಿಗೆ ಹೋಗಿ ಅಭ್ಯಾಸದ ಕ್ಲಸ್ಟರ್ ಕಟ್ಟಿಸುತ್ತಾರೆ. ಎಲ್ಲ ಕಡೆ ಮೊದಲು ಕೇಳುವುದು ಫೋನಿನ ವಿಷಯವನ್ನೇ.

ಅಣ್ಣನಿಗೆ ಕೆಲಸ ಹೆಚ್ಚಿದೆ. ಎದುರಿಗೆ ಸಿಕ್ಕಾಗಲೆಲ್ಲ ಗೊಣಗುತ್ತಾನೆ. "ಅಂಗಡಿಗೆ ಬೇರೆ ಆಳು ನೋಡ್ಬೇಕು ಕಣೆ. ಎಲ್ಲ ನಿನ್ನಿಂದ." ಹಾಗೆನ್ನುತ್ತಲೇ, ಇವತ್ತು ಅವಳು ಯಾವ ಕಂಪನಿಗೆ ಹೋದಳು, ಅಲ್ಲಿ ಏನೇನಾಯಿತು, ಯಾರು ಸೋತರು ಎಂದು ಒಂದೂ ಬಿಡದೆ ಹೇಳುತ್ತ ಹೋಗುತ್ತಾನೆ. ಗಿರಾಕಿ ಬಂದು ನಿಂತರೂ ನಿಲ್ಲಿಸುವುದಿಲ್ಲ.